ಪಟ್ಟಿಯಲ್ಲಿಲ್ಲದ ಬೆಣ್ಣೆ

ನಾನು ಹೆದರದ ರೋಗವಿಲ್ಲ. ಹಾಗೆ ಹೆದರಿದ ರೋಗಗಳಲ್ಲಿ ಒಂದಾದರೂ ನಿಜವಾಗಿ ಬಂದದ್ದಿಲ್ಲ, ಹೋದ ವರ್ಷದವರೆಗೆ.

ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಮದುವೆಯ ಕಾರ್ಡಿನಿಂದ ಹಿಡಿದು ಶಾಲೆಯ ಗೈಡಿನವರೆಗೆ ಏನು ಬಂದರೂ ಓದಬೇಕು, ಅದೂ ಮೂರು ಸಲ. ಓದುವುದೆಲ್ಲ ಮೈಗೆ ಹತ್ತುವ ಜಾತಿಯ ಮನುಷ್ಯನಿಗೆ ಇಂಥ ಕೆಲಸ ಕೊಡಬಾರದು. ಹೋದ ವರ್ಷ ಹೃದಯದ ಆರೋಗ್ಯದ ಬಗ್ಗೆ ಒಂದು ಪುಸ್ತಿಕೆ ನನ್ನ ಮೇಜಿಗೆ ಬಂತು. ಮೊದಲ ಕರಡು ಓದುವಾಗ ಎಡಗೈ ಜುಮ್ಮೆಂದಿತು. ಎರಡನೆಯ ಕರಡಿಗೆ ದವಡೆ ನೋಯತೊಡಗಿತು. ಮೂರನೆಯದು ಮುಗಿಯುವ ಹೊತ್ತಿಗೆ ನಾನು ಬರಿಹೊಟ್ಟೆಯಲ್ಲಿ ರಕ್ತ ಪರೀಕ್ಷೆಯ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದೆ.

ಹೊರಡುವಾಗ ನನ್ನ ಹೆಂಡತಿ ಬಾಗಿಲಿಗೆ ಬಂದು ಹೇಳಿದ್ದಳು, "ಹ್ವಾದ ಸಲ ಮೂತ್ರಪಿಂಡದ ಪುಸ್ತಕ ಬಂದಾಗ ಸೊಂಟ ಹಿಡಕೊಂಡು ಕುಂತಿದ್ರಿ. ಈ ಸಲ ಎದಿ. ನಿಮ್ಮ ಪ್ರೆಸ್ಸಿನಾಗ ಬಾಣಂತನದ ಪುಸ್ತಕ ಯಾವಾಗ ಅಚ್ಚಾಗತೈತ್ರಿ? ಮೊದಲ ಹೇಳ್ರಿ, ಕಾಡಿಗಿ ಮಾಡಿ ಇಡತೇನಿ."

ಅವಳ ನಗೆ ಸಂಜೆ ವರದಿ ಫೋನಿಗೆ ಬರುವವರೆಗೆ ಇತ್ತು. ಎರಡು ಅಂಕಿಗಳು ದಪ್ಪಕ್ಷರದಲ್ಲಿದ್ದವು. ಅಕ್ಷರ ಸುಮ್ಮನೆ ದಪ್ಪವಾಗುವುದಿಲ್ಲ ಎಂದು ನನಗೆ ಮೂವತ್ತು ವರ್ಷಗಳಿಂದ ಗೊತ್ತು. ಒಂದು ಕೆಟ್ಟ ಕೊಲೆಸ್ಟರಾಲ್, ಇನ್ನೊಂದು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು. ನನ್ನ ಮೈ ನೋಡಿದರೆ ಕೊಬ್ಬಿನ ಮಾತೇ ನಗೆಪಾಟಲು. ಬೆಲ್ಟಿಗೆ ಹೆಚ್ಚುವರಿ ತೂತು ಹೊಡೆಸಿ ಹಾಕಿಕೊಳ್ಳುವವನು ನಾನು.

ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವರಾದ ಹೆಣ್ಣುಮಗಳು. ಬಿ.ಪಿ. ನೋಡಿದರು, ಸಕ್ಕರೆ ನೋಡಿದರು, ಎರಡೂ ಸರಿಯಿದ್ದವು. ಬೀಡಿ ಸಿಗರೇಟು ಇಲ್ಲವೆಂದು ಕೇಳಿ ತಲೆಯಾಡಿಸಿದರು. ಆಮೇಲೆ ಕೇಳಿದರು, "ಮನ್ಯಾಗ ಯಾರಿಗೆರೆ ಹಾರ್ಟಿನ ತ್ರಾಸ ಇತ್ತೇನ್ರಿ?"

ನಾನು ಆ ಪ್ರಶ್ನೆಗಾಗಿಯೇ ಹೆದರಿ ಕೂತಿದ್ದೆ. ಅಪ್ಪ ಐವತ್ಮೂರನೆಯ ವಯಸ್ಸಿನಲ್ಲಿ, ಬೆಟಗೇರಿಯ ಮನೆಯಲ್ಲಿ, ಊಟ ಮುಗಿಸಿ ಮಗ್ಗದ ಕಡೆಗೆ ಎದ್ದು ಹೋಗುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಆಗ ನನಗೆ ಹತ್ತು ವರ್ಷ. ಈಗ ಐವತ್ತೆರಡು. ಲೆಕ್ಕ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಐವತ್ತು ತುಂಬಿದ ದಿನದಿಂದ ನಾನು ಮನಸ್ಸಿನಲ್ಲಿ ಉಳಿದ ದಿನ ಎಣಿಸುತ್ತಿದ್ದೆ, ಬಾಯಲ್ಲಿ ಮಾತ್ರ ಯಾರಿಗೂ ಹೇಳಿರಲಿಲ್ಲ.

"ಹಂಗಿದ್ರ ಮಾತ್ರಿ ಚಾಲೂ ಮಾಡೋದು ಛಲೋ," ಎಂದರು ಡಾಕ್ಟರು.

ನಾನು ಕೈ ಮುಗಿದೆ. ಮಾತ್ರೆ ಎಂದರೆ ನನಗೆ ಸಾವಿಗೆ ಸಹಿ ಹಾಕಿಕೊಟ್ಟ ಹಾಗೆ. ಒಮ್ಮೆ ಶುರುವಾದರೆ ನಾನು ಅಧಿಕೃತವಾಗಿ ರೋಗಿ, ಅಪ್ಪನ ದಾರಿ ಹಿಡಿದವನು. "ಊಟದಾಗ ಏನಾರೆ ಮಾಡಿ ನೋಡೂಣ್ರಿ ಮೇಡಂ. ಮೂರು ತಿಂಗಳು ಕೊಡ್ರಿ."

ಅವರು ಮೇಜಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿದರು. "ಮೂರ ತಿಂಗಳು. ಮ್ಯಾಲ ಒಂದು ದಿನ ಇಲ್ಲ. ಕರದದ್ದು, ಬೇಕರಿದು ಬಿಡ್ರಿ. ನಾರು ಇರೋ ಊಟ ಹೆಚ್ಚ ಮಾಡ್ರಿ." ಕಾಗದದ ಮೇಲೆ ಒಂದು ಚಿತ್ರ ಬಿಡಿಸುತ್ತ ಹೇಳಿದರು, "ಲಿವರ್ ಐತಲ್ರಿ, ಅದು ಈ ಕೊಲೆಸ್ಟರಾಲ್‌ದಿಂದನ ಪಿತ್ತ ಮಾಡತೈತಿ. ಪಿತ್ತ ಕರುಳಿಗೆ ಇಳದು, ತಿಂದ ಎಣ್ಣಿ ತುಪ್ಪ ಕರಗಿಸಿ, ಹೊಳ್ಳಿ ಲಿವರಿಗೆ ಹೋಗತೈತಿ. ದಿನಾ ಅದ ಪಿತ್ತ, ಅದ ದಾರಿ. ಕೆಲವು ನಾರು ನೀರಿನಾಗ ಲೋಳಿ ಆಗತಾವು. ಆ ಲೋಳಿ ಪಿತ್ತ ಹಿಡಕೊಂಡು ಹೊರಗ ಹೋಗಿಬಿಡತೈತಿ. ಲಿವರಿಗೆ ಹೊಸಾ ಪಿತ್ತ ಬೇಕಲ್ಲ, ಅದಕ್ಕ ಕೊಲೆಸ್ಟರಾಲ್ ಎಲ್ಲಿಂದ ತರಬೇಕು? ರಕ್ತದಾಗಿಂದನ ತಗೀಬೇಕು."

"ನೂಲಿಗೆ ಗಂಜಿ ಹಿಡದಂಗ," ಎಂದೆ ನಾನು. ನೇಯ್ಗೆಗೆ ಮೊದಲು ಹಾಸಿನ ನೂಲಿಗೆ ಗಂಜಿ ಹಾಕುವುದನ್ನು ನೋಡುತ್ತ ಬೆಳೆದವನು ನಾನು. ಗಂಜಿ ಏನನ್ನಾದರೂ ಹಿಡಿದರೆ ಬಿಡುವುದಿಲ್ಲ.

"ಹಂಗ ತಿಳಕೋರಿ. ಖರೆ, ಎಲ್ಲಾ ನಾರೂ ಲೋಳಿ ಆಗಂಗಿಲ್ಲ. ಜೋಳದ ತೌಡು ಹೊಟ್ಟಿ ಸಾಫ್ ಮಾಡತೈತಿ, ಅದೂ ಬೇಕು. ಪಿತ್ತ ಹಿಡಿಯೋದು ಓಟ್ಸು, ಜವಿಗೋಧಿ, ಕಾಳು, ಮೆಂತೆ, ಕುಟ್ಟಿದ ಅಗಸಿ, ಪ್ಯಾರಲ ಹಣ್ಣು. ಆ ಟ್ರೈಗ್ಲಿಸರೈಡಿಗೆ ಮಾತ್ರ ನಾರಿಗಿಂತ ನಿಮ್ಮ ಚಹಾದ ಸಕ್ಕರಿ ಬಿಡೋದು ಹೆಚ್ಚು ಉಪಯೋಗ. ದಿನಕ್ಕ ಎಷ್ಟು ಚಹಾ?"

"ನಾಕ," ಎಂದೆ. ಹೆಂಡತಿ ಪಕ್ಕದಲ್ಲಿ ಕೆಮ್ಮಿದಳು. "ಏಳ," ಎಂದು ತಿದ್ದಿಕೊಂಡೆ.

ಏಳುವಾಗ ಇನ್ನೊಂದು ಮಾತು ಹೇಳಿದರು: ನಾರಿನಿಂದ ಇಳಿಯುವುದು ಸ್ವಲ್ಪವೇ, ಪವಾಡ ಕಾಯಬೇಡಿರಿ, ಒಮ್ಮೆಲೇ ತಿನ್ನಬೇಡಿರಿ, ನೀರು ಹೆಚ್ಚು ಕುಡಿಯಿರಿ. ಇವುಗಳಲ್ಲಿ ಒಂದನ್ನೂ ನಾನು ಕೇಳಿಸಿಕೊಳ್ಳಲಿಲ್ಲ. ಹೆದರಿದವನಿಗೆ ಯಾವುದೂ ನಿಧಾನಕ್ಕೆ ಆಗುವುದಿಲ್ಲ. ಮರುದಿನ ಬೆಳಿಗ್ಗೆ ಓಟ್ಸಿನ ಉಪ್ಪಿಟ್ಟು, ಹನ್ನೊಂದಕ್ಕೆ ನೆನೆಸಿದ ಮೆಂತೆ, ಮಧ್ಯಾಹ್ನ ಎರಡು ಬಟ್ಟಲು ಮಡಿಕೆಕಾಳು. ಮೂರು ಗಂಟೆಗೆ ಮುದ್ರಣಾಲಯದಲ್ಲಿ ನನ್ನ ಎದುರು ಕೂರುವ ಹಿರಿಯರು ಏನೂ ಹೇಳದೆ ತಮ್ಮ ಕುರ್ಚಿಯನ್ನು ಕಿಟಕಿಯ ಹತ್ತಿರ ಒಯ್ದರು. ಕಿಟಕಿಯನ್ನೂ ತೆಗೆದರು. ಆಗ ನನಗೆ ನಿಧಾನ ಎಂಬ ಪದದ ಅರ್ಥವಾಯಿತು.

ಆ ವಾರವೇ ಶಿರಹಟ್ಟಿಗೆ ಅಕ್ಕನಿಗೆ ಫೋನು ಮಾಡಿದೆ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ನಾನು ಅಂಬೆಗಾಲಿಡುವಾಗಲೇ ಹೋದಳು. ಅಂದಿನಿಂದ ಒಲೆಯ ಮುಂದೆ ಕೂತವಳು ಅಕ್ಕನೇ. ಅಪ್ಪ ಹೋದ ಮೇಲೆ ಮದುವೆಯ ಮಾತು ಬಂದಾಗ ಅವಳು ಹಾಕಿದ್ದು ಒಂದೇ ಷರತ್ತು: ತಮ್ಮನೂ ನನ್ನ ಜೊತೆ ಬರುತ್ತಾನೆ. ಭಾವ ಒಪ್ಪಿದರು. ನಾನು ಶಿರಹಟ್ಟಿಯಲ್ಲಿ ಅವಳ ಗಂಡನ ಮನೆಯಲ್ಲಿ ಬೆಳೆದು, ಓದಿ, ಕೆಲಸ ಸಿಕ್ಕ ಮೇಲೆ ಬೆಟಗೇರಿಯ ಮನೆಯ ಬೀಗ ತೆಗೆದೆ. ಅವಳ ಋಣದ ಬಗ್ಗೆ ಮಾತಾಡಿದರೆ ಅವಳಿಗೆ ಸಿಟ್ಟು ಬರುತ್ತದೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

"ಯಕ್ಕಾ, ನನ್ನ ರಕ್ತದಾಗ ಕೊಬ್ಬು ಭಾಳ ಆಗೈತಂತ."

"ಮೈಯಾಗ ಎಲ್ಲೂ ಕಾಣವಲ್ದು, ರಕ್ತದಾಗ ಹೆಂಗ ಹೊಕ್ಕಿತಲೇ?"

"ಹೊಕ್ಕೈತಿ. ನಾರು ತಿನಬೇಕಂತ. ಕಾಳು ಕಡಿ, ತೊಪ್ಪಲ ಪಲ್ಯೆ, ಅಗಸಿ…"

"ಅದು ಊಟಲ್ಲೇನು? ಅದನ್ನ ಹೇಳಾಕ ಡಾಕ್ಟರ್ ಯಾಕ ಬೇಕಾತು? ನಿನ್ನ ಹೆಂಡತಿ ಏನು ಮಾಡಿ ಹಾಕಾಕತ್ತಾಳ?"

"ಓಟ್ಸು."

"ಅಂದ್ರ?"

"ಅದೊಂಥರಾ ಧಾನ್ಯ. ಪೊಟ್ಟಣದಾಗ ಬರತೈತಿ. ಕುದರಿಗೂ ಹಾಕತಾರಂತ."

ಕುದುರೆಯ ಬಗ್ಗೆ ಏನೋ ಹೇಳುತ್ತಾಳೆಂದು ಕಾದೆ. ಅವಳು ಕೇಳಿದ್ದೇ ಬೇರೆ. "ಡಾಕ್ಟರು ಅಪ್ಪನ ಸುದ್ದಿ ಕೇಳಿದ್ರೇನು?"

"ಕೇಳಿದ್ರು."

"ಹೂಂ. ಸ್ವಾಮಾರಕ್ಕ ಗಂಟು ಕಳಸತೇನಿ," ಎಂದು ಫೋನು ಇಟ್ಟಳು.

ಅಕ್ಕನ ಪಕ್ಕದ ಮನೆಯವರೊಬ್ಬರು ಕೆಲಸಕ್ಕೆ ದಿನವೂ ಗದಗಿಗೆ ಬಸ್ಸಿನಲ್ಲಿ ಬರುತ್ತಾರೆ. ಸೋಮವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವರ ಕೈಯಿಂದ ನನ್ನ ಕೈಗೆ ಗಂಟು ದಾಟುವುದು ಅಂದಿನಿಂದ ನೇಮವಾಯಿತು. ಜರಡಿ ಹಿಡಿಯದ ಹಿಟ್ಟಿನ ಜೋಳದ ಕಡಕ್ ರೊಟ್ಟಿ, ವಾರಕ್ಕಾಗುವಷ್ಟು. ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿದ ಮಡಿಕೆ, ಹೆಸರು. ಮತ್ತು ಅಗಸಿ ಹಿಂಡಿ, ಅಂದರೆ ಅಗಸೆ ಬೀಜ ಹುರಿದು, ಖಾರ ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿಪುಡಿ. ಈ ಅಗಸೆಗಾಗಿ ಅಕ್ಕ ಲಕ್ಷ್ಮೇಶ್ವರದ ಸಂತೆಗೇ ಹೋಗಿ, ಬೀಜವನ್ನು ಅಂಗೈಯಲ್ಲಿ ಸುರಿದುಕೊಂಡು, ಬೆರಳ ಸಂದಿಯಲ್ಲಿ ಅದು ನೀರಿನಂತೆ ಜಾರಿದರೆ ಮಾತ್ರ ತರುತ್ತಿದ್ದಳಂತೆ. ಹಿಂಡಿಯ ಡಬ್ಬಿಯ ಪಕ್ಕದಲ್ಲಿ, ಅದು ಇದ್ದಲ್ಲಿ ಇದು ಇರಲೇಬೇಕೆಂಬಂತೆ, ಬೆಣ್ಣೆಯ ಡಬ್ಬಿ.

ಆ ಮೂರು ತಿಂಗಳು ನಾನು ಎಷ್ಟು ಶಿಸ್ತಿನಿಂದಿದ್ದೆನೆಂದರೆ ನನ್ನನ್ನು ನಾನೇ ಸಹಿಸುವುದು ಕಷ್ಟವಾಗಿತ್ತು. ಚಹಾಕ್ಕೆ ಸಕ್ಕರೆ ಬಿಟ್ಟೆ. ಗದಗಿನಲ್ಲಿ ಇದ್ದೂ ಸಂಜೆಯ ಮಿರ್ಚಿ ಭಜಿ ಬಿಟ್ಟೆ. ಭಜಿಯ ಬಂಡಿ ಬಂದರೆ ರಸ್ತೆಯ ಆಚೆ ಬದಿಗೆ ದಾಟಿ ಉಸಿರು ಹಿಡಿದು ನಡೆಯುತ್ತಿದ್ದೆ. ಮುಂಡರಗಿಯಲ್ಲಿ ಹೆಂಡತಿಯ ತವರಿನ ಗೃಹಪ್ರವೇಶಕ್ಕೆ ಹೋದಾಗ ಗೋಧಿ ಹುಗ್ಗಿಯ ಮೇಲೆ ತುಪ್ಪ ಹಾಕಲು ಬಂದವರ ಕೈಯನ್ನು ಅಡ್ಡ ಹಿಡಿದು ತಡೆದು, ಪಂಕ್ತಿಯಲ್ಲಿದ್ದವರಿಗೆಲ್ಲ ಪಿತ್ತ, ಲೋಳೆ, ಲಿವರು ಎಂದು ವಿವರಿಸಿದೆ. ನನ್ನ ಮಾವ ಗಂಭೀರವಾಗಿ ಕೇಳಿಸಿಕೊಂಡು, "ಅಳಿಯಂದ್ರು ಪುಸ್ತಕ ಓದಿ ಭಾಳ ಶ್ಯಾಣ್ಯಾ ಆಗ್ಯಾರ. ಅವರ ಪಾಲಿನ ತುಪ್ಪ ಇತ್ಲಾಗ ಹಾಕ್ರಿ," ಎಂದರು.

ಮನೆಗೆ ಬಂದು ಮಾತ್ರ ಹೊಟ್ಟೆ ತುಂಬ ಅಕ್ಕನ ಊಟ. ರೊಟ್ಟಿಯ ಮೇಲೆ ಹಿಂಡಿ, ಹಿಂಡಿಯ ನಡುವೆ ಬೆರಳಿನಿಂದ ಒಂದು ಗುಂಡಿ, ಗುಂಡಿಯಲ್ಲಿ ಬೆಣ್ಣೆ. ಹಿಂಡಿ ಔಷಧವಾದ್ದರಿಂದ ಮೊದಲಿಗಿಂತ ಹೆಚ್ಚು ಹಿಂಡಿ. ಹಿಂಡಿ ಹೆಚ್ಚಾದ್ದರಿಂದ ಗುಂಡಿಯೂ ದೊಡ್ಡದು.

ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆ. ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿದಿತ್ತು. ಕೆಟ್ಟ ಕೊಲೆಸ್ಟರಾಲ್ ಇದ್ದಲ್ಲೇ ಇತ್ತು. ಇದ್ದಲ್ಲಿಂದ ಒಂದು ಕೂದಲೆಳೆ ಮೇಲೆಯೇ. ವರದಿ ಹಿಡಿದು ಕೂತವನಿಗೆ ಅಪ್ಪ ಬಾಗಿಲಲ್ಲಿ ನಿಂತು ಬಾ ಎಂದು ಕರೆದ ಹಾಗಾಯಿತು. ಇಷ್ಟೆಲ್ಲ ಮಾಡಿಯೂ ಇಳಿಯದಿದ್ದರೆ ಇದು ರಕ್ತದಲ್ಲಿ ಬರೆದದ್ದು, ಇದನ್ನು ಯಾವ ಕರಡಿನಲ್ಲೂ ತಿದ್ದಲಾಗದು ಎಂದುಕೊಂಡೆ.

ಡಾಕ್ಟರಿಗೂ ಆಶ್ಚರ್ಯ. "ಏನೇನು ತಿಂತೀರಿ ಪೂರಾ ಹೇಳ್ರಿ," ಎಂದರು. ನಾನು ಕಿಸೆಯಿಂದ ಪಟ್ಟಿ ತೆಗೆದೆ. ಹೊತ್ತು ಹೊತ್ತಿನ ಊಟ, ಅಳತೆ, ಎಲ್ಲ ದುಂಡಗಿನ ಅಕ್ಷರದಲ್ಲಿ, ಎರಡು ಸಲ ತಾಳೆ ನೋಡಿ ಬರೆದದ್ದು. ಅವರು ಕೊನೆಯವರೆಗೆ ಓದಿದರು. "ಇಷ್ಟು ಛಲೋ ಊಟ ನಾನೂ ಮಾಡಂಗಿಲ್ರಿ. ಇದರಾಗ ಎಲ್ಲಿ ತಪ್ಪೈತಿ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಈ ಹಿಂಡಿ ಐತಲ್ರಿ, ಇದನ್ನ ಹೆಂಗ ತಿಂತಾರ ಇವರು?"

"ಎಲ್ಲಾರೂ ತಿಂದಂಗ್ರಿ," ಎಂದಳು ಅವಳು. "ಬೆಣ್ಣಿ ಹಚಗೊಂಡು."

"ಎಷ್ಟು ಬೆಣ್ಣಿ?"

ಹೆಂಡತಿ ಬೆರಳು ಮಡಚಿ ಒಂದು ನಿಂಬೆಹಣ್ಣಿನ ಗಾತ್ರ ತೋರಿಸಿದಳು.

"ದಿನಕ್ಕೇನ್ರಿ?"

"ಹೊತ್ತಿಗೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಟ್ಟಿಯನ್ನು ನನ್ನ ಕಡೆ ತಿರುಗಿಸಿ, "ಬೆಣ್ಣಿ ಎಲ್ಲಿ ಬರದೀರಿ? ತೋರಸ್ರಿ," ಎಂದರು.

"ಅದು ಹಿಂಡಿ ಜೋಡಿ ಬರೋದಲ್ರಿ ಮೇಡಂ," ಎಂದೆ. "ಬ್ಯಾರೆ ತಿನಿಸಲ್ಲ ಅದು."

ನಾನು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಮನಸ್ಸಿನಲ್ಲಿ ಬೆಣ್ಣೆ ಊಟದ ಒಂದು ಪದಾರ್ಥವಾಗಿ ಇರಲೇ ಇಲ್ಲ. ಒಣ ಹಿಂಡಿ ಗಂಟಲಲ್ಲಿ ಇಳಿಯುವುದಿಲ್ಲ, ಬೆಣ್ಣೆ ಅದನ್ನು ಇಳಿಸುತ್ತದೆ. ಸ್ನಾನಕ್ಕೆ ನೀರು ಹೇಗೋ ಹಾಗೆ. ಮುಂಡರಗಿಯ ಪಂಕ್ತಿಯಲ್ಲಿ ತುಪ್ಪದ ಕೈ ತಡೆದ ಮನುಷ್ಯ ಮನೆಯಲ್ಲಿ ಎರಡು ಹೊತ್ತು ನಿಂಬೆಹಣ್ಣು ನುಂಗುತ್ತಿದ್ದ.

ಡಾಕ್ಟರು ನಕ್ಕರು. ಹೆಂಡತಿಯೂ ನಕ್ಕಳು. ನಂತರ ಡಾಕ್ಟರು, "ನಾರು ಎಷ್ಟು ಪಿತ್ತ ಹೊರಗ ಒಯ್ದಿತೋ ಏನೋ, ನೀವು ಹಿಂದಿನ ಬಾಗಲದಿಂದ ಬೆಣ್ಣಿ ಒಳಗ ಬಿಟ್ಟೀರಿ. ನಾರಿನ ತಪ್ಪಲ್ಲಿದು. ಇನ್ನೂ ಎಂಟು ವಾರ ಕೊಡತೇನಿ, ಬೆಣ್ಣಿ ಬಿಟ್ಟು," ಎಂದರು.

ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಲು ಧೈರ್ಯ ಸಾಲಲಿಲ್ಲ. ಭಾನುವಾರ ಸೊರಟೂರ ಮೇಲೆ ಹೋಗುವ ಬಸ್ಸು ಹಿಡಿದು ಶಿರಹಟ್ಟಿಗೆ ಹೋದೆ. ಅಕ್ಕ ಅಡಿಗೆಮನೆಯಲ್ಲಿ ಅಗಸೆ ಹುರಿಯುತ್ತಿದ್ದಳು. ಬೀಜ ಚಟಪಟ ಸಿಡಿಯುವ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಭಾವ ಹೊಲಕ್ಕೆ ಹೋಗಿದ್ದರು. ನಾನು ಮಳೆಯ ಮಾತು ಆಡಿದೆ, ಬಸ್ಸಿನ ರಶ್ಶಿನ ಮಾತು ಆಡಿದೆ.

"ಬಾಯಾಗಿನ ಮಾತು ನುಂಗಬ್ಯಾಡ. ಏನು ಹೇಳಾಕ ಬಂದಿ ಹೇಳು," ಎಂದಳು ಅಕ್ಕ, ಸೌಟು ಆಡಿಸುತ್ತಲೇ.

ಹೇಳಿದೆ. ನಗುವ ಹಾಗೆ ಹೇಳಿದೆ. ಡಾಕ್ಟರು ಕನ್ನಡಕ ತೆಗೆದಿಟ್ಟದ್ದು, ನಿಂಬೆಹಣ್ಣಿನ ಅಳತೆ, ಎಲ್ಲ ಬಣ್ಣ ಹಚ್ಚಿ. ಅಕ್ಕ ನಗಲಿಲ್ಲ.

"ಬರೇ ಹಿಂಡಿ ಹೆಂಗ ಕಳಸಲಿ? ಯಾರರೆ ತಮ್ಮಗ ಬರೇ ಹಿಂಡಿ ಕಟ್ಟತಾರೇನು?"

"ಕಟ್ಟು ಯಕ್ಕಾ. ನಾ ಏನೂ ತಿಳಕೊಳ್ಳಂಗಿಲ್ಲ."

ಅವಳು ಗ್ಯಾಸ್ ಆರಿಸಿದಳು. ಬೀಜದ ಸದ್ದು ಒಂದೊಂದಾಗಿ ಕಡಿಮೆಯಾಗಿ ನಿಂತಿತು. ಆಮೇಲೆ, ನನ್ನ ಕಡೆ ನೋಡದೆ ಹೇಳಿದಳು, "ಅಪ್ಪಗೂ ನಾನ ಬಡಸತಿದ್ದೆ."

ನಾನು ಕೈಯಲ್ಲಿದ್ದ ಚೀಲ ಕೆಳಗಿಟ್ಟು ಅವಳ ಹತ್ತಿರ ಹೋದೆ.

"ಸಾಕವಾ ಅಂತಿದ್ದ. ನಾ ಕೇಳತಿದ್ದಿಲ್ಲ. ಅವ್ವ ಇಲ್ಲ, ಮಗ್ಗದಾಗ ಕುಂತು ಕುಂತು ಸೊರಗ್ಯಾನ, ಒಂದೀಟ ಬೆಣ್ಣಿ ತಿನ್ಲಿ ಅಂತ ಇನ್ನಷ್ಟು ಹಾಕತಿದ್ದೆ. ಆವತ್ತೂ ಹಾಕಿದ್ದೆ."

ಬೀಡಿಯ ಮಾತು ಹೇಳಿದೆ. ಅಪ್ಪ ದಿನಕ್ಕೊಂದು ಕಟ್ಟು ಸೇದುತ್ತಿದ್ದ, ಆಗ ರಕ್ತ ನೋಡಿದವರು ಯಾರು, ಅವನಿಗೆ ಏನಿತ್ತೋ ಯಾರಿಗೆ ಗೊತ್ತು ಎಂದೆ. ಅಕ್ಕ, "ನೀ ಸಣ್ಣಾಂವ ಇದ್ದಿ, ನಿನಗ ಗೊತ್ತಿಲ್ಲ," ಎಂದು ಹುರಿದ ಬೀಜವನ್ನು ಮೊರಕ್ಕೆ ಸುರಿದಳು. ಊಟಕ್ಕೆ ಬಡಿಸಿದಳು. ರೊಟ್ಟಿ, ಪುಂಡಿ ಪಲ್ಯ, ಹಸಿ ಮೂಲಂಗಿ, ಹಿಂಡಿ. ಹಿಂಡಿಯ ಪಕ್ಕದ ಜಾಗ ಖಾಲಿಯಿತ್ತು. ಇಬ್ಬರೂ ಅದನ್ನು ನೋಡಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಿಂತೆ ಮಾಡುವುದರಲ್ಲಿ ನಾನು ಮನೆತನಕ್ಕೇ ಸಾಕಾಗುವಷ್ಟು ನಿಪುಣ. ಆ ಕಸುಬನ್ನು ನಾನೊಬ್ಬನೇ ಇಟ್ಟುಕೊಳ್ಳಬಹುದಿತ್ತು. ಅಕ್ಕ ತನ್ನ ಆಯುಷ್ಯದಲ್ಲಿ ಚಿಂತೆಗೆ ಕೂತವಳಲ್ಲ. ಏನಾದರೂ ಆದರೆ ಎದ್ದು ಒಲೆ ಹಚ್ಚುವವಳು. ಅಂಥವಳಿಗೆ, ಅರವತ್ನಾಲ್ಕನೆಯ ವಯಸ್ಸಿನಲ್ಲಿ, ಅಪ್ಪನನ್ನು ತಾನೇ ಕಳಿಸಿದೆನೇನೋ ಎಂಬ ವಿಚಾರವನ್ನು ಟಿಕೀಟು ತೆಗೆಸಿಕೊಂಡು ಹೋಗಿ ಕೊಟ್ಟು ಬಂದಿದ್ದೆ.

ಆದರೂ ಸೋಮವಾರ ತಪ್ಪಲಿಲ್ಲ. ಗಂಟು ಬಂತು. ಬೆಣ್ಣೆಯ ಡಬ್ಬಿಯ ಜಾಗದಲ್ಲಿ ಬಿಗಿಯಾಗಿ ಮುಚ್ಚಳ ಹಾಕಿದ ಒಂದು ಕ್ಯಾನು. ತಂದುಕೊಟ್ಟವರು ಹೇಳಿದರು, "ಬೆಣ್ಣಿ ಪೂರಾ ತಗದ ಮಜ್ಜಗಿ ಐತಂತ್ರಿ. ಹಿಂಡಿ ಅದರಾಗ ಕಲಿಸಿ, ಸಣ್ಣಗ ಹೆಚ್ಚಿದ ಉಳ್ಳಾಗಡ್ಡಿ ಹಾಕ್ಕೊಂಡು ತಿನಬೇಕಂತ. ಗಂಟಲದಾಗ ಸಿಗಂಗಿಲ್ಲ ಅಂತ ಹೇಳ್ಯಾರ." ಅವಳು ಬೆಣ್ಣೆ ತೆಗೆದ ಗಡಿಗೆಯಲ್ಲಿಯೇ ದಾರಿ ಹುಡುಕಿದ್ದಳು. ಅಂದು ಮಧ್ಯಾಹ್ನ ತಿಂದೆ. ಚೆನ್ನಾಗಿತ್ತು ಎಂದು ಫೋನಿನಲ್ಲಿ ಹೇಳಿದೆ. "ಹೂಂ," ಎಂದಳು. ಎಂಟು ವಾರ ಅವಳ ಮಾತು ಅಷ್ಟೇ ಗಿಡ್ಡವಾಗಿತ್ತು.

ಎಂಟು ವಾರದ ನಂತರದ ವರದಿಯನ್ನು ನಾನು ತೆಗೆಯಲಿಲ್ಲ, ಹೆಂಡತಿ ತೆಗೆದಳು. "ಇಳದೈತ್ರಿ," ಎಂದಳು. ನಿಜವಾಗಿ ಇಳಿದಿತ್ತು. ಆದರೆ ಡಾಕ್ಟರು ಹಾಕಿಕೊಟ್ಟ ಗೆರೆಗಿಂತ ಇನ್ನೂ ಮೇಲೆಯೇ ಇತ್ತು. ಡಾಕ್ಟರು ಚೀಟಿ ಬರೆಯಲು ಪೆನ್ನು ತೆಗೆದಾಗ ನನಗೆ ವಿಷಯ ತಿಳಿಯಿತು.

"ಅಂದ್ರ ನಾನು ಫೇಲು," ಎಂದೆ.

"ಯಾರಂದ್ರು? ಊಟ ಮಾಡೋ ಕೆಲಸ ಊಟ ಮಾಡೈತಿ. ಉಳದದ್ದು ನಿಮ್ಮ ಅಪ್ಪಾರ ಕಡಿಂದ ಬಂದದ್ದಿರಬೇಕು. ಅದಕ್ಕ ಒಂದು ಸಣ್ಣ ಮಾತ್ರಿ. ಮಾತ್ರಿ ಬಂತಂತ ಊಟ ಬಿಟ್ಟಗಿಟ್ಟೀರಿ. ಎರಡೂ ಇರಬೇಕು."

ಅಂದು ರಾತ್ರಿಯ ಊಟದ ಮೇಲೆ ಮೊದಲ ಮಾತ್ರೆ ನುಂಗಿದೆ. ಐದು ತಿಂಗಳು ನಾನು ಹೆದರಿ ಓಡಿದ್ದು ಸಾಸಿವೆ ಡಬ್ಬಿಯಲ್ಲಿ ಬಿದ್ದರೆ ಹುಡುಕಬೇಕಾದಷ್ಟು ಚಿಕ್ಕ ವಸ್ತುವಿಗೆ. ಏನೂ ಆಗಲಿಲ್ಲ. ಹೆಂಡತಿ ತಾಟು ಎತ್ತುತ್ತ, "ಬದುಕಿದ್ದೀರಲ್ಲ?" ಎಂದು ಕೇಳಿದಳು. ಅಪ್ಪನಿಗೆ ಸಿಗದೇ ಹೋದದ್ದು ಇದೇ ಅಲ್ಲವೇ ಎಂದು ಆಗ ಹೊಳೆಯಿತು: ಒಂದು ವರದಿ, ಕೇಳಿ ಹೇಳುವ ಒಬ್ಬ ಡಾಕ್ಟರು, ಒಂದು ಚಿಕ್ಕ ಮಾತ್ರೆ. ನನ್ನ ಕೈಯಲ್ಲಿ ಮೂರೂ ಇದ್ದವು, ಮೇಲೆ ಸೋಮವಾರದ ಗಂಟು ಬೇರೆ.

ಮರುದಿನ ಅಕ್ಕನಿಗೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, ಎಂಟು ವಾರದಲ್ಲಿ ಮೊದಲ ಸಲ ಉದ್ದನೆಯ ಮಾತು ಆಡಿದಳು. "ಅಪ್ಪನ ರಕ್ತ ನನ್ನಾಗೂ ಐತಿ. ನಂದೂ ನೋಡಸು. ಆ ಡಾಕ್ಟರ ಮುಂದ ಕುಂಡ್ರಸು ನನ್ನ. ಒಂದು ಮಾತು ಕೇಳಬೇಕಾಗೈತಿ."

ಅವಳು ಬರಿಹೊಟ್ಟೆಯಲ್ಲಿ ಮೊದಲ ಬಸ್ಸಿಗೇ ಬಂದಳು. ಜೀವನದಲ್ಲಿ ಮೊದಲ ಸಲ ಸೂಜಿಗೆ ಕೈ ಕೊಟ್ಟವಳು, ಸೀಸೆಯಲ್ಲಿ ತುಂಬುವ ರಕ್ತವನ್ನು ಎಣ್ಣೆ ಅಳೆಯುವವಳಂತೆ ನೋಡುತ್ತಿದ್ದಳು. ಸಂಜೆ ವರದಿ ಬಂತು. ಡಾಕ್ಟರು ಓದಿ, "ನಿಮ್ಮದು ನೆಟ್ಟಗೈತ್ರಿ ಅಮ್ಮಾರ. ಏನೂ ತ್ರಾಸಿಲ್ಲ," ಎಂದರು. ನಾನು ಏಳಲು ಹೊರಟೆ. ಅಕ್ಕ ಏಳಲಿಲ್ಲ.

"ನಮ್ಮ ಅಪ್ಪಗ ದಿನಾ ಎರಡೂ ಹೊತ್ತು ನಾನ ಬೆಣ್ಣಿ ಬಡಸತಿದ್ದೆರಿ," ಎಂದಳು. "ಬ್ಯಾಡಂದ್ರೂ ಹಾಕತಿದ್ದೆ. ಅದಕ್ಕ ಹ್ವಾದನೇನ್ರಿ?"

ಡಾಕ್ಟರು ಉತ್ತರ ಕೊಡುವ ಮೊದಲು ಕೇಳಿದರು: ಅಪ್ಪ ಏನು ಕೆಲಸ, ಎಷ್ಟು ಬೀಡಿ, ಅಪ್ಪನ ಅಣ್ಣತಮ್ಮಂದಿರು ಎಷ್ಟನೆಯ ವಯಸ್ಸಿಗೆ ಹೋದರು. ಅಕ್ಕ ಒಂದೊಂದಕ್ಕೂ ಹೇಳಿದಳು. ದೊಡ್ಡಪ್ಪ ಹೋದದ್ದೂ ಹಾಗೆಯೇ, ಎದೆ ಹಿಡಿದುಕೊಂಡೇ ಎಂಬುದು ನನಗೇ ಗೊತ್ತಿರಲಿಲ್ಲ.

"ಅಮ್ಮಾರ, ಬೀಡಿ ಇತ್ತು. ಮನಿತನದಾಗ ಇತ್ತು. ರಕ್ತ ನೋಡಿದವರಿಲ್ಲ, ಔಷಧ ಇಲ್ಲ. ಇಷ್ಟರಾಗ ಬೆಣ್ಣಿ ಒಂದನ್ನ ಹಿಡದು ಇದರಿಂದ ಹ್ವಾದ್ರು ಅಂತ ಯಾವ ಡಾಕ್ಟರೂ ಹೇಳಾಕ ಬರಂಗಿಲ್ಲ."

ಅಕ್ಕ ಅವರ ಮುಖವನ್ನೇ ನೋಡಿದಳು. "ಖರೆ ಹೇಳಾಕತ್ತೀರೋ, ಮುದಕಿ ಅಂತ ಸಮಾಧಾನ ಮಾಡಾಕತ್ತೀರೋ?"

"ಸಮಾಧಾನ ಮಾಡೋದಿದ್ರ, ಬೆಣ್ಣಿ ಏನೂ ಮಾಡಂಗಿಲ್ಲ ಅಂತಿದ್ದೆ," ಎಂದರು ಡಾಕ್ಟರು. "ಹಂಗ ಹೇಳಲಿಲ್ಲಲ್ಲ ನಾ."

ಅಕ್ಕ ಸೆರಗು ಸರಿಪಡಿಸಿಕೊಂಡು ಎದ್ದಳು. ಆ ಡಾಕ್ಟರಿಗೆ ನಾನು ಎಷ್ಟು ಸಲ ಕೈ ಮುಗಿದರೂ ಕಡಿಮೆ. ಸುಳ್ಳು ಹೇಳಿ ಹಗುರ ಮಾಡಬಹುದಿತ್ತು. ಅಕ್ಕನಂಥವಳಿಗೆ ಅದು ಎರಡು ದಿನವೂ ತಾಳುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಹೋದೆವು. ಬೆಂಚಿನ ಮೇಲೆ ಕೂತ ಮೇಲೆ ಅಕ್ಕ, ಯಾವುದೋ ಮಾತಿನ ನಡುವಿನಿಂದ ಎತ್ತಿಕೊಂಡವಳಂತೆ, "ಅಪ್ಪ ಊಟ ಮಾಡೋದು ನೋಡಾಕ ಛಂದ ಇತ್ತಲೇ," ಎಂದಳು. "ಮೊದ್ಲ ರೊಟ್ಟಿ ಮುರದು ವಾಸನಿ ನೋಡಾಂವ. ಎದರಿಗೆ ಯಾರಿದ್ರೂ ಒಂದು ತುತ್ತು ಅವರ ತಾಟಿಗೆ ಹಾಕಿದ ಮ್ಯಾಲ ತಾ ತಿನ್ನಾಂವ. ನಿನಗ ನೆನಪಿಲ್ಲ?"

ಇರಲಿಲ್ಲ. ನನ್ನ ನೆನಪಿನಲ್ಲಿ ಅಪ್ಪ ಎಂದರೆ ಒಂದು ವಯಸ್ಸು ಮಾತ್ರ. ಐವತ್ಮೂರು ಎಂಬ ಅಂಕಿ. ಊಟ ಮಾಡುವ ಅಪ್ಪ, ನೇಯುವಾಗ ಗುನುಗುವ ಅಪ್ಪ, ಹೊಸ ಸೀರೆಯ ಸೆರಗು ಹಿಡಿದು ಇದು ಯಾರ ಮೈ ಮೇಲೆ ಹೋಗುತ್ತದೋ ಎಂದು ಮಗಳನ್ನು ಕೇಳುವ ಅಪ್ಪ, ಇವರೆಲ್ಲ ಅಕ್ಕನ ಹತ್ತಿರ ಇದ್ದರು. ಅವಳು ಹೇಳತೊಡಗಿದಳು. ಶಿರಹಟ್ಟಿಯ ಬಸ್ಸು ಬಂದು ನಿಂತಿತು, ಜನ ಹತ್ತಿದರು. ನಾನು ಅವಳ ಚೀಲ ಎತ್ತಿಕೊಂಡೆ.

"ಹೋಗ್ಲಿ ಬಿಡು," ಎಂದಳು ಅಕ್ಕ. "ಇನ್ನೊಂದು ಬರತೈತಿ. ಕುಂಡ್ರು, ಹೇಳತೇನಿ."